ಶರ್ಲಿ ಟೆಂಪಲ್ ಮತ್ತು ನನ್ನ ಹಾಜರಿ ಪುಸ್ತಕ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಹೆಸರು ಬೇಡ, ಅವಳೂ ಈ ಪುಟವನ್ನು ಓದುವವಳೇ. "ಸಾರ್, ನಿಮ್ಮ ಮೊಮ್ಮಗಳು ಟೀವಿಗೆ ಆಯ್ಕೆಯಾಗಿದ್ದಾಳೆ" ಎಂದಳು. ಏಳು ವರ್ಷದ ಆ ಮಗುವಿಗೆ ಒಂದು ಧಾರಾವಾಹಿಯಲ್ಲಿ ಪಾತ್ರ ದೊರೆತಿದೆಯಂತೆ. ಸಂತೋಷಪಟ್ಟೆ, ಆಶೀರ್ವಾದ ಮಾಡಿದೆ. ಆಮೇಲೆ ಅವಳು ಮೆಲ್ಲಗೆ ನಿಜವಾದ ವಿಷಯಕ್ಕೆ ಬಂದಳು. ಮಗು ಓದುವ ಶಾಲೆಯ ಮುಖ್ಯೋಪಾಧ್ಯಾಯರು ಕೂಡ ನನ್ನ ವಿದ್ಯಾರ್ಥಿ. ಚಿತ್ರೀಕರಣದ ದಿನಗಳಲ್ಲಿ ಹಾಜರಿಯನ್ನು "ಸ್ವಲ್ಪ ಹೊಂದಿಸಿಕೊಡುವಂತೆ" ನಾನೊಂದು ಮಾತು ಹೇಳಬೇಕು. ನಾನು ಸುಮ್ಮನಿದ್ದುದನ್ನು ಕಂಡು, "ಶರ್ಲಿ ಟೆಂಪಲ್ ಬಾಲನಟಿಯಾಗಿದ್ದವರೇ ಅಲ್ಲವೇ ಸಾರ್? ಕೊನೆಗೆ ರಾಯಭಾರಿಯೇ ಆದರಲ್ಲ!" ಎಂದಳು.

ಯೋಚಿಸಿ ಹೇಳುತ್ತೇನೆಂದು ದೂರವಾಣಿ ಇಟ್ಟೆ. ಯೋಚಿಸಿದ್ದಾಯಿತು. ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ. ಏಕೆಂದರೆ ಇದು ಅವಳೊಬ್ಬಳ ಪ್ರಶ್ನೆಯಲ್ಲ. ನಿಮ್ಮಲ್ಲಿ ಅನೇಕರು ಈಗ ಚಿಕ್ಕ ಮಕ್ಕಳ ತಂದೆತಾಯಂದಿರು. ನಾಳೆ ನಿಮ್ಮ ಮನೆಯ ಬಾಗಿಲನ್ನೂ ಯಾರಾದರೂ ಇದೇ ಆಸೆಯನ್ನು ಹೊತ್ತು ತಟ್ಟಬಹುದು.

ಶರ್ಲಿ ಟೆಂಪಲ್ ಅವರ ಹೆಸರನ್ನು ಹೀಗೆ ಸಾಕ್ಷಿಗೆ ಕರೆಯುವವರು ಬಹಳ ಮಂದಿ. ಸಾಕ್ಷಿಯನ್ನು ಕರೆದ ಮೇಲೆ ಅವರ ಹೇಳಿಕೆಯನ್ನು ಪೂರ್ತಿಯಾಗಿ ಕೇಳುವುದು ನ್ಯಾಯ. ಅವರೇ 1988ರಲ್ಲಿ "ಚೈಲ್ಡ್ ಸ್ಟಾರ್" ಎಂಬ ಆತ್ಮಕಥೆಯನ್ನು ಪ್ರಕಟಿಸಿದ್ದಾರೆ. ನಾವು ಮಾತ್ರ ಮೊದಲ ಪುಟದ ಗುಂಗುರು ಕೂದಲನ್ನು ನೋಡಿ, ನಡುವಿನ ಪುಟಗಳನ್ನು ಮಗುಚಿ, ಕೊನೆಯ ಪುಟದ ರಾಯಭಾರಿ ಪದವಿಗೆ ಹಾರಿಬಿಡುತ್ತೇವೆ. ನಡುವೆ ಏನಿದೆ?

ಆಕೆ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂತಾ ಮೋನಿಕಾದಲ್ಲಿ. ತಂದೆ ಬ್ಯಾಂಕಿನ ನೌಕರ. ಇಬ್ಬರು ಅಣ್ಣಂದಿರ ಬೆನ್ನಿಗೆ ಹುಟ್ಟಿದ ತಂಗಿ. ಮೂರು ವರ್ಷ ತುಂಬಿದಾಗ ತಾಯಿ ಆಕೆಯನ್ನು ನೃತ್ಯಶಾಲೆಗೆ ಸೇರಿಸಿದರು. ಅಲ್ಲಿಂದಲೇ ಚಿತ್ರ ಕಂಪನಿಯವರು ಆಕೆಯನ್ನು ಆರಿಸಿಕೊಂಡು, 1932ರಿಂದ "ಬೇಬಿ ಬರ್ಲೆಸ್ಕ್ಸ್" ಎಂಬ ಕಿರುಚಿತ್ರಗಳ ಸಾಲಿನಲ್ಲಿ ನಟಿಸಲು ಹಚ್ಚಿದರು. ಅವು ಎಂತಹ ಚಿತ್ರಗಳು? ದೊಡ್ಡವರ ಸಿನಿಮಾಗಳ ಅಣಕು. ಮೂರು ನಾಲ್ಕು ವರ್ಷದ ಹಸುಳೆಗಳಿಗೆ ಸೊಂಟಕ್ಕೆ ಲಂಗೋಟಿಯಂತಹ ಬಟ್ಟೆ ಕಟ್ಟಿ, ಮೇಲೆ ದೊಡ್ಡವರ ವೇಷ ತೊಡಿಸಿ, ದೊಡ್ಡವರ ಬಿಂಕ ಬಿನ್ನಾಣಗಳನ್ನು ಆಡಿಸುತ್ತಿದ್ದರು. ಆ ಚಿತ್ರೀಕರಣದ ಜಾಗದಲ್ಲಿ ಒಂದು ಕಪ್ಪು ಪೆಟ್ಟಿಗೆ ಇತ್ತೆಂದು ಅವರು ಬರೆದಿದ್ದಾರೆ. ಕಿಟಕಿಯಿಲ್ಲದ ಕತ್ತಲೆಯ ಕೋಣೆ. ಒಳಗೆ ಒಂದು ಮಂಜುಗಡ್ಡೆ. ಹೇಳಿದ ಮಾತು ಕೇಳದ ಮಗುವನ್ನು ಅದರೊಳಗೆ ಕೂಡಿಹಾಕುತ್ತಿದ್ದರು. ಕುಳಿತುಕೊಳ್ಳಲು ಆ ಮಂಜುಗಡ್ಡೆಯೇ ಆಸನ.

ಬೆತ್ತ ಹಿಡಿದ ಕಾಲದ ಮೇಷ್ಟ್ರು ನಾನು. ಆದರೂ ಆ ಪುಟವನ್ನು ಓದಿದ ದಿನ ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಜಗಲಿಯಲ್ಲಿ ಕುಳಿತಿದ್ದೆ. ಆ ಪೆಟ್ಟಿಗೆಯಿಂದ ತನ್ನ ಮನಸ್ಸಿಗೆ ಶಾಶ್ವತವಾದ ಹಾನಿಯೇನೂ ಆಗಿಲ್ಲವೆಂದೂ ಅವರೇ ಹೇಳಿದ್ದಾರೆ. ಅವರ ಮಾತನ್ನು ಅಲ್ಲಗಳೆಯಲು ನಾನು ಯಾರು? ಆದರೆ ಮಂಜುಗಡ್ಡೆಯ ಮೇಲೆ ಕೂರಿಸಿದವರು ಅದನ್ನು ಕೇಳಿಕೊಂಡು ಕೂರಿಸಿದ್ದರೇ?

1934ರಲ್ಲಿ ಫಾಕ್ಸ್ ಸಂಸ್ಥೆಯ ಚಿತ್ರಗಳಿಂದ ಆಕೆಯ ಹೆಸರು ದೇಶದ ತುಂಬ ಹರಡಿತು. 1935ರ ಫೆಬ್ರವರಿಯಲ್ಲಿ, ಏಳು ತುಂಬುವ ಮೊದಲೇ, ಬಾಲಪ್ರತಿಭೆಗೆಂದು ವಿಶೇಷ ಆಸ್ಕರ್ ಪ್ರಶಸ್ತಿ ಬಂದಿತು. 1935ರಿಂದ 1938ರವರೆಗೆ ಸತತವಾಗಿ ನಾಲ್ಕು ವರ್ಷ ಅಮೆರಿಕದ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಸೆಳೆದ ತಾರೆ ಆ ಮಗುವೇ; ಕ್ಲಾರ್ಕ್ ಗೇಬಲ್‌ನಂತಹ ನಾಯಕನಟರೂ ಆಕೆಯ ಹಿಂದೆ. ಆಕೆಯ ರೂಪದ ಗೊಂಬೆಗಳು ಅಂಗಡಿಗಳಲ್ಲಿ ಮಾರಾಟವಾದವು. ತಾಯಿ ದಿನವೂ ಆ ಪುಟ್ಟ ತಲೆಯಲ್ಲಿ 56 ಗುಂಗುರುಗಳನ್ನು ಸುತ್ತುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ.

ಮಗು ಬೆಳೆದರೆ ವ್ಯಾಪಾರ ಕೆಡುತ್ತದೆ. ಆದ್ದರಿಂದ ಆಕೆಯ ವಯಸ್ಸಿನಲ್ಲಿ ಒಂದು ವರ್ಷವನ್ನು ಕದ್ದರು. ಹುಟ್ಟಿದ್ದು 1928ರಲ್ಲಿ ಅಲ್ಲ, 1929ರಲ್ಲಿ ಎಂದು ದಾಖಲೆಯನ್ನೇ ತಿದ್ದಿದರು. ಇದು ಆ ಮಗುವಿಗೂ ತಿಳಿಯದು. ತನಗೆ ಹನ್ನೆರಡು ತುಂಬಿತೆಂದು ಭಾವಿಸಿದ್ದ ಹುಟ್ಟುಹಬ್ಬದಲ್ಲಿ, ನಿಜಕ್ಕೂ ಹದಿಮೂರು ತುಂಬಿದೆ ಎಂಬುದು ಆಕೆಗೆ ಗೊತ್ತಾಯಿತು. ಶಾಲೆಗೆ ಬೇಗ ಸೇರಿಸಬೇಕೆಂದು ಮಕ್ಕಳ ಜನ್ಮದಿನಾಂಕ ಬದಲಿಸಿದ ತಂದೆಯರನ್ನು ನನ್ನ ಸೇವೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆದರೆ ಮಗುವಿಗೇ ಅದರ ವಯಸ್ಸನ್ನು ಬಚ್ಚಿಟ್ಟವರ ವಿಷಯವನ್ನು ಓದಿದ್ದು ಅದೇ ಮೊದಲು.

ಈಗ ನಾನು ಗಣಿತದ ಮೇಷ್ಟ್ರು ಎಂಬುದನ್ನು ನೆನಪಿಸುವ ಸಮಯ. ಲೇಖನಿ ತೆಗೆದುಕೊಳ್ಳಿ. ಆಕೆ ದುಡಿದದ್ದು ಒಟ್ಟು ಸುಮಾರು 32 ಲಕ್ಷ ಡಾಲರ್. 1950ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ತನ್ನ ಲೆಕ್ಕಪತ್ರ ಕೇಳಿದಾಗ ಆಕೆಯ ಪಾಲಿಗೆ ಉಳಿದಿದ್ದುದು ಸುಮಾರು 44,000 ಡಾಲರ್. ಶೇಕಡಾ ಎಷ್ಟು? ಹಿಂದಿನ ಬೆಂಚಿನವರೂ ಹೇಳಬಹುದು: 1.375. ಅಂದರೆ ಮಗು ನೂರು ರೂಪಾಯಿ ಸಂಪಾದಿಸಿದ್ದರೆ, ಬೆಳೆದು ದೊಡ್ಡವಳಾದಾಗ ಆಕೆಯ ಕೈಗೆ ಬಂದದ್ದು ಒಂದು ರೂಪಾಯಿ ಮೂವತ್ತೇಳೂವರೆ ಪೈಸೆ. ಉಳಿದುದು ಮನೆಯ ಖರ್ಚಿಗೆ, ಆಳುಕಾಳುಗಳಿಗೆ, ತಂದೆಯ ಕೈಯಲ್ಲಿ ಕೆಟ್ಟ ಹೂಡಿಕೆಗಳಿಗೆ ಹೋಗಿತ್ತು. ತಂದೆ ಕ್ರೂರಿಯಲ್ಲ. ಮಗಳನ್ನು ಪ್ರೀತಿಸುತ್ತಿದ್ದ ಮನುಷ್ಯ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಅನುಭವವೂ ಇತ್ತು. ಆತನನ್ನು ಮಗಳು ದೂರಲಿಲ್ಲ, ಕ್ಷಮಿಸಿದಳು. ನನಗೆ ಭಯವಾಗುವುದು ಇಲ್ಲಿಯೇ. ಕೆಟ್ಟ ತಂದೆತಾಯಂದಿರ ಕೈಯಲ್ಲಿ ಹೀಗಾಯಿತೆಂದರೆ, ನಾವು ಹಾಗಲ್ಲವಲ್ಲ ಎಂದು ನಿಟ್ಟುಸಿರು ಬಿಡಬಹುದಿತ್ತು.

"ಕಾನೂನು ಇರುತ್ತದಲ್ಲ ಸಾರ್" ಎನ್ನುವಿರಿ. ಆಗಲೂ ಇತ್ತು. 1921ರ "ದಿ ಕಿಡ್" ಚಿತ್ರದಲ್ಲಿ ಚಾಪ್ಲಿನ್ ಜೊತೆ ನಟಿಸಿದ ಹುಡುಗ ಜಾಕಿ ಕೂಗನ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆತ ಬೆಳೆದು ಕೇಳಿದಾಗ, ಮೂವತ್ತು ಲಕ್ಷ ಡಾಲರಿಗೂ ಮೇಲ್ಪಟ್ಟ ದುಡಿಮೆ ಬಹುಮಟ್ಟಿಗೆ ಕರಗಿಹೋಗಿತ್ತು. 1938ರಲ್ಲಿ ಹೆತ್ತ ತಾಯಿಯ ಮೇಲೆಯೂ ಮಲತಂದೆಯ ಮೇಲೆಯೂ ದಾವೆ ಹೂಡಿದ. ಸಿಕ್ಕಿದ್ದು 1,26,000 ಡಾಲರ್. ಆ ಪ್ರಕರಣದಿಂದ ಎಚ್ಚೆತ್ತ ಕ್ಯಾಲಿಫೋರ್ನಿಯಾ 1939ರಲ್ಲಿ ಬಾಲನಟರ ಸಂಪಾದನೆಯನ್ನು ರಕ್ಷಿಸುವ ಕಾಯಿದೆ ಮಾಡಿತು. ಅದೇ ರಾಜ್ಯದಲ್ಲಿ, ಆ ಕಾಯಿದೆ ಬಂದ ಮೇಲೂ ದುಡಿಯುತ್ತಿದ್ದವಳು ಶರ್ಲಿ. ನ್ಯಾಯಾಲಯದ ಒಪ್ಪಿಗೆ ಪಡೆದ ಕರಾರುಗಳಿಗೆ ಮಾತ್ರ ಕಾಯಿದೆ ಅನ್ವಯವಾಗುತ್ತಿತ್ತು. ಉಳಿದವು ಬೇಲಿಯ ಕಂಡಿಯಲ್ಲಿ ನುಸುಳಿದವು. ಮಗುವಿನ ಸಂಪಾದನೆ ಮಗುವಿನದೇ ಎಂದು ಆ ರಾಜ್ಯ ಸ್ಪಷ್ಟವಾಗಿ ಬರೆದದ್ದು 2000ದಲ್ಲಿ ಬಂದ ತಿದ್ದುಪಡಿಯಲ್ಲಿ. ಕೂಗನ್ ನ್ಯಾಯಾಲಯದ ಮೆಟ್ಟಿಲೇರಿದ ಅರವತ್ತೆರಡು ವರ್ಷಗಳ ಬಳಿಕ!

ಹಾಗಾದರೆ ಆಕೆ ರಾಯಭಾರಿಯಾದದ್ದು ಸುಳ್ಳೇ? ಖಂಡಿತ ಅಲ್ಲ. 1940ರಲ್ಲಿ "ದಿ ಬ್ಲೂ ಬರ್ಡ್" ಸೋತ ಮೇಲೆ ಫಾಕ್ಸ್ ಸಂಸ್ಥೆಯ ಸಂಬಂಧ ಮುಗಿಯಿತು. ಅಲ್ಲಿಯವರೆಗೆ ಸ್ಟುಡಿಯೋದೊಳಗೇ ಪಾಠ ಕೇಳಿದ್ದ ಹುಡುಗಿಯನ್ನು ಮನೆಯವರು ವೆಸ್ಟ್‌ಲೇಕ್ ಎಂಬ ಬಾಲಕಿಯರ ಶಾಲೆಗೆ ಸೇರಿಸಿದರು. 1945ರಲ್ಲಿ ಅಲ್ಲಿಂದಲೇ ತೇರ್ಗಡೆಯಾದಳು. ಅದೇ ವರ್ಷ ಆದ ಮೊದಲ ಮದುವೆ ನಿಲ್ಲಲಿಲ್ಲ. 1950ರಲ್ಲಿ ಚಾರ್ಲ್ಸ್ ಬ್ಲಾಕ್ ಎಂಬುವರನ್ನು ಮದುವೆಯಾಗಿ, ಅದೇ ವರ್ಷ ಚಲನಚಿತ್ರಗಳಿಗೆ ವಿದಾಯ ಹೇಳಿದರು. 1969ರಲ್ಲಿ ವಿಶ್ವಸಂಸ್ಥೆಗೆ ಅಮೆರಿಕದ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೋದರು. 1972ರಲ್ಲಿ ಸ್ತನ ಕ್ಯಾನ್ಸರ್ ಬಂದಾಗ, ಹೆಣ್ಣುಮಕ್ಕಳು ಆ ಮಾತನ್ನೇ ಆಡಲು ಅಂಜುತ್ತಿದ್ದ ಕಾಲದಲ್ಲಿ, ಬಹಿರಂಗವಾಗಿ ಮಾತನಾಡಿ ಸಾವಿರಾರು ಹೆಂಗಸರಿಗೆ ಧೈರ್ಯ ತುಂಬಿದರು. 1974ರಿಂದ 1976ರವರೆಗೆ ಘಾನಾದಲ್ಲಿ, 1989ರಿಂದ 1992ರವರೆಗೆ ಚೆಕೊಸ್ಲೊವಾಕಿಯಾದಲ್ಲಿ ರಾಯಭಾರಿಯಾಗಿದ್ದರು. 2014ರ ಫೆಬ್ರವರಿ 10ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗೌರವಕ್ಕೆ ಪಾತ್ರವಾದ ಬಾಳು, ನಾನು ತಲೆಬಾಗುತ್ತೇನೆ.

ಆದರೆ ಈ ಗೌರವ ಅವರಿಗೆ ಸಲ್ಲಬೇಕೇ ಹೊರತು ಆ ಪೆಟ್ಟಿಗೆಗೆ ಸಲ್ಲಬಾರದು. ನಮ್ಮ ಶಾಲೆಗೆ ಹೊಳೆ ದಾಟಿ ಬರುತ್ತಿದ್ದ ಹುಡುಗನೊಬ್ಬನಿದ್ದ. ಮಳೆಗಾಲದಲ್ಲಿ ಪುಸ್ತಕಗಳನ್ನು ತಲೆಗೆ ಕಟ್ಟಿಕೊಂಡು ಈಜಿ ಬರುತ್ತಿದ್ದ. ಈಗ ದೊಡ್ಡ ಅಧಿಕಾರಿಯಾಗಿದ್ದಾನೆ. ಹಾಗೆಂದು ಆ ಹೊಳೆಗೆ ಸೇತುವೆ ಬೇಡವೆಂದು ಯಾರಾದರೂ ಹೇಳಿದರೇ? ಈಜಿ ದಡ ಸೇರಿದವರ ಹೆಸರು ನಮಗೆ ತಿಳಿಯುತ್ತದೆ. ನೀರಿನಲ್ಲಿ ಹೋದವರ ಹೆಸರನ್ನು ಹೊಳೆ ಹೇಳುವುದಿಲ್ಲ.

"ಅದು ಅಮೆರಿಕದ ಕಥೆ, ಎಂಬತ್ತು ವರ್ಷ ಹಳೆಯದು" ಎಂಬ ಆಕ್ಷೇಪವೂ ಬರಬಹುದು. 1950ರ ದಶಕದ ಹಿಂದಿ ಚಿತ್ರಗಳಲ್ಲಿ ಚೂಟಿ ಹುಡುಗನ ಪಾತ್ರಗಳಿಂದ ಮನೆಮಾತಾಗಿದ್ದ ಡೈಸಿ ಇರಾನಿ ನಮ್ಮ ದೇಶದವರೇ. ಆರು ವರ್ಷದವಳಿದ್ದಾಗ, ಚಿತ್ರೀಕರಣಕ್ಕಾಗಿ ಮದ್ರಾಸಿಗೆ ಹೋಗಿದ್ದಾಗ, ತನ್ನನ್ನು ನೋಡಿಕೊಳ್ಳಲೆಂದು ಜೊತೆಗೆ ಬಂದವನೇ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ಅವರು ಹೇಳಿದ್ದು 2018ರಲ್ಲಿ. ಆರು ವರ್ಷದ ಮಗುವಿನ ಸಂಕಟ ಬಾಯಿಗೆ ಬರಲು ಆರು ದಶಕ ಬೇಕಾಯಿತು. ಇನ್ನು ಹಸುಳೆಗಳಿಗೆ ದೊಡ್ಡವರ ಬಿನ್ನಾಣ ಕಲಿಸುವ ಆ ಹಳೆಯ ಅಣಕು ಚಿತ್ರಗಳು ಕಾಲವಾದವೇ? 2019ರ ಜೂನ್ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ವಾಹಿನಿಗಳಿಗೆ ಒಂದು ಸಲಹಾಪತ್ರ ಕಳುಹಿಸಬೇಕಾಯಿತು: ನೃತ್ಯದ ರಿಯಾಲಿಟಿ ಷೋಗಳಲ್ಲಿ ಚಿಕ್ಕ ಮಕ್ಕಳಿಂದ ವಯಸ್ಸಿಗೆ ಒಪ್ಪದ, ಅಶ್ಲೀಲವಾದ ಕುಣಿತ ಮಾಡಿಸಬೇಡಿ ಎಂದು. ಅವು ಕಾಲವಾಗಿದ್ದರೆ ಆ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ನಮ್ಮ ಕಾನೂನನ್ನೂ ನೋಡೋಣ. 2016ರ ತಿದ್ದುಪಡಿಯ ಪ್ರಕಾರ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ. ಶಾಲೆಯ ವೇಳೆಯ ನಂತರ ಮನೆಯವರ ಕಸುಬಿಗೆ ನೆರವಾಗುವುದರ ಜೊತೆಗೆ, ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದರಾಗಿ ದುಡಿಯುವುದಕ್ಕೆ ವಿನಾಯಿತಿ ಇದೆ. ಓದಿಗೆ ತೊಂದರೆಯಾಗಬಾರದು ಎಂಬುದು ಷರತ್ತು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನನ್ನು ಕಂಡರೆ ಮಾಲೀಕನ ಮೇಲೆ ಮೊಕದ್ದಮೆ; ಬೆಳಕಿನ ಕೆಳಗೆ ಅಳುವ ಹುಡುಗಿಯನ್ನು ಕಂಡರೆ ಚಪ್ಪಾಳೆ. 2017ರ ನಿಯಮಗಳು ಹೇಳುವುದೇನೆಂದರೆ: ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆಯಬೇಕು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸಬಾರದು, ಸತತವಾಗಿ 27 ದಿನಗಳನ್ನು ಮೀರಬಾರದು, ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿ ಇರಬೇಕು, ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ನಿಶ್ಚಿತ ಠೇವಣಿ ಇಡಬೇಕು.

ಏನೂ ಇಲ್ಲದಿರುವುದಕ್ಕಿಂತ ಇದು ಮೇಲು. ಆದರೆ ಮೇಷ್ಟರ ಕಣ್ಣಿನಿಂದ ಇನ್ನೊಮ್ಮೆ ಓದಿ. ದಿನಕ್ಕೆ ಐದು ಗಂಟೆಯೆಂದರೆ ಹೆಚ್ಚುಕಡಿಮೆ ಇಡೀ ಶಾಲೆಯ ದಿನವೇ. ಸತತ 27 ದಿನವೆಂದರೆ ರಜಾದಿನ ಕಳೆದ ಒಂದು ತಿಂಗಳ ಪಾಠಕ್ಕಿಂತ ಹೆಚ್ಚು. ಶೇಕಡಾ 20 ಮಗುವಿಗೆಂದರೆ, ಉಳಿದ ಶೇಕಡಾ 80 ಯಾರದು? ನನ್ನ ಪ್ರಕಾರ ಮಗುವಿನ ದುಡಿಮೆಯ ನೂರಕ್ಕೆ ನೂರೂ ಮಗುವಿನದೇ. ಅದರಿಂದ ಮನೆಯ ಸಾಲ ತೀರಿಸುವುದು, ಕಾರು ಕೊಳ್ಳುವುದು ಎಷ್ಟೇ ಅಕ್ಕರೆಯಿಂದ ಮಾಡಿದರೂ ಮಗುವಿನ ಹುಂಡಿಗೆ ಕೈ ಹಾಕಿದಂತೆಯೇ. ಈ ಮಾತು ಕಹಿಯೆನಿಸಿದರೆ ಕ್ಷಮಿಸಿ, ಹಿಂದಕ್ಕೆ ತೆಗೆದುಕೊಳ್ಳಲಾರೆ.

ಇಷ್ಟು ಹೇಳಿದ ಮೇಲೆ ನನ್ನ ಹಾಜರಿ ಪುಸ್ತಕದ ವಿಷಯಕ್ಕೆ ಬರಬೇಕು. ಮೂವತ್ತೈದು ವರ್ಷಗಳಿಗೂ ಮಿಕ್ಕಿ ಇದನ್ನು ಯಾರಲ್ಲೂ ಹೇಳಿಲ್ಲ.

1989. ನಾನು ಬಿ.ಎಡ್. ಮುಗಿಸಿ ಸೇವೆಗೆ ಸೇರಿ ಐದು ವರ್ಷವಾಗಿತ್ತು. ನಮ್ಮ ಊರಿನ ಸಮೀಪ ಒಂದು ಸಿನಿಮಾದ ಚಿತ್ರೀಕರಣ ನಡೆಯಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳನ್ನು ನಾಯಕಿಯ ತಂಗಿಯ ಪಾತ್ರಕ್ಕೆ ಆರಿಸಿಕೊಂಡರು. ಊರಿಗೆ ಊರೇ ಹಿಗ್ಗಿತು. ನಮ್ಮ ಶಾಲೆಗೂ ಕೀರ್ತಿ. ಅವಳು ನನ್ನ ತರಗತಿಯವಳು. ನಲವತ್ತಕ್ಕೂ ಹೆಚ್ಚು ದಿನ ಬರಲಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ. "ಪಾಪ, ಹುಡುಗಿಯ ಭವಿಷ್ಯ" ಎಂದು ಎಲ್ಲರೂ ಅಂದರು. ನನ್ನನ್ನು ಯಾರೂ ಬಲವಂತಪಡಿಸಲಿಲ್ಲ. ದಿನವೂ ಬೆಳಗ್ಗೆ ಅವಳ ಹೆಸರಿನ ಮುಂದೆ ನನ್ನ ಕೈಯಾರೆ ಹಾಜರಿ ಹಾಕಿದೆ. ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದೆ.

ಅವಳು ಮರಳಿ ಬಂದಾಗ ತರಗತಿ ಬೀಜಗಣಿತದಲ್ಲಿ ಬಹಳ ಮುಂದೆ ಹೋಗಿತ್ತು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು ಹಿಂದಕ್ಕೆ ಸರಿದಳು. ಕಿರುಪರೀಕ್ಷೆಯಲ್ಲಿ ಉತ್ತರಪತ್ರಿಕೆ ಬಹುಪಾಲು ಖಾಲಿ. "ಇದೆಲ್ಲ ತರಗತಿಯಲ್ಲಿ ಹೇಳಿಕೊಟ್ಟದ್ದೇ ಅಲ್ಲವೇನಮ್ಮ?" ಎಂದು ಗದರಿದೆ. ಅವಳು ಎದ್ದು ನಿಂತು ನಿಜವಾದ ಗೊಂದಲದಿಂದ ಕೇಳಿದಳು: "ಸಾರ್, ನಾನು ಇರಲಿಲ್ಲವಲ್ಲ. ಪ್ರಗತಿಪತ್ರದಲ್ಲಿ ಎಲ್ಲ ದಿನವೂ ಬಂದಿದ್ದೇನೆ ಅಂತ ಇದೆ. ಅದು ಹೇಗೆ ಸಾರ್?"

ಅದರಲ್ಲಿ ಉದ್ಧಟತನ ಇರಲಿಲ್ಲ. ತಿಳಿಯದ್ದನ್ನು ಮೇಷ್ಟರ ಬಳಿ ಕೇಳಿದಳು, ಅಷ್ಟೇ. ನನ್ನಲ್ಲಿ ಉತ್ತರವಿರಲಿಲ್ಲ. "ಕೂತುಕೋ" ಎಂದೆ. ಅವಳು ಕುಳಿತಳು. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟಳು. ಎರಡನೆಯ ಸಿನಿಮಾ ಬರಲಿಲ್ಲ. ಈಗ ಎಲ್ಲಿದ್ದಾಳೋ ತಿಳಿಯದು. ಎಲ್ಲಾದರೂ ಇದನ್ನು ಓದುವಂತಾದರೆ, ತಾಯಿ, ಅಂದು ಕೇಳಿದ ಪ್ರಶ್ನೆಗೆ ಉತ್ತರ ಇದು: ನಾನು ಸುಳ್ಳು ಬರೆದೆ. ನೀನು ಬರುತ್ತಿಲ್ಲವೆಂಬುದು ಪುಸ್ತಕದಲ್ಲಿ ಕಾಣಿಸಿದ್ದರೆ ಯಾರಾದರೂ ನಿನ್ನ ಪಾಠದ ಗತಿಯೇನೆಂದು ಕೇಳುತ್ತಿದ್ದರು. ಕೇಳದ ಹಾಗೆ ಮಾಡಿದವನು ನಾನು.

ಶರ್ಲಿಯ ವಯಸ್ಸು ತಿದ್ದಿದವರನ್ನು ಮೇಲೆ ಕಳ್ಳರೆಂದೆ. ನಾನೂ ದಾಖಲೆ ತಿದ್ದಿದವನೇ. ಅವರು ಲಾಭಕ್ಕಾಗಿ ತಿದ್ದಿದರು, ನಾನು ಒಳ್ಳೆಯವನೆನಿಸಿಕೊಳ್ಳುವ ಆಸೆಗೆ ತಿದ್ದಿದೆ. ಮಗುವಿಗಾದ ನಷ್ಟದಲ್ಲಿ ವ್ಯತ್ಯಾಸವೇನೂ ಇಲ್ಲ.

ಆದ್ದರಿಂದ, ದೂರವಾಣಿ ಮಾಡಿದ ಮಗಳೇ, ನಿನ್ನ ಮುಖ್ಯೋಪಾಧ್ಯಾಯರಿಗೆ ಆ ಮಾತನ್ನು ನಾನು ಹೇಳುವುದಿಲ್ಲ. ಅಭಿನಯ ಕೆಟ್ಟದ್ದೆಂಬ ಅಭಿಪ್ರಾಯ ನನಗಿಲ್ಲ. ಬಾಲನಟನಾಗಿ "ಬೆಟ್ಟದ ಹೂವು" ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಪುನೀತ್ ಅವರನ್ನು ಮೆಚ್ಚಿದವರಲ್ಲಿ ನಾನೂ ಒಬ್ಬ. ಮಗುವಿಗೆ ಆಸೆಯಿದ್ದರೆ ರಜೆಯಲ್ಲಿ ನಟಿಸಲಿ. ಆದರೆ ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳು. ಜಿಲ್ಲಾ ದಂಡಾಧಿಕಾರಿಗಳ ಅನುಮತಿಪತ್ರ ಎಲ್ಲಿ? ದಿನದ ಗಂಟೆಗಳನ್ನು ಯಾರು ಬರೆದಿಡುತ್ತಾರೆ? ಮಗುವಿನ ಠೇವಣಿಯ ರಸೀತಿ ಯಾವಾಗ ಕೈಗೆ ಬರುತ್ತದೆ? "ಸಾಕು" ಎಂದು ಮಗು ಹೇಳಿದ ದಿನ ಕೆಲಸ ನಿಲ್ಲುತ್ತದೆಯೇ? ಕೊನೆಯ ಪ್ರಶ್ನೆಯನ್ನು ಅವರಿಗೆ ಕೇಳುವ ಮೊದಲು ನಿನ್ನನ್ನೇ ಕೇಳಿಕೋ.

ಮಗು ಶಾಲೆಗೆ ಹೋಗದ ದಿನ ಗೈರುಹಾಜರಿ ಎಂದೇ ಬರೆಯಿಸು. ಅದರಲ್ಲಿ ಅವಮಾನವಿಲ್ಲ. ಈ ಮಗು ಇಂದು ಇಲ್ಲಿಲ್ಲ, ಎಲ್ಲಿದೆಯೆಂದು ಯಾರಾದರೂ ವಿಚಾರಿಸಿ ಎಂದು ಶಾಲೆ ಕೂಗಿ ಹೇಳುವ ಒಂದೇ ಒಂದು ಗುರುತು ಅದು. ತಪ್ಪಿದ ಗಣಿತದ ಪಾಠಗಳನ್ನು ಭಾನುವಾರ ಬೆಳಗ್ಗೆ ನಾನು ಹೇಳಿಕೊಡುತ್ತೇನೆ. ಕರೆದುಕೊಂಡು ಬಾ. ನಿಮ್ಮ ಅಮ್ಮಾವ್ರು ಈಗಲೂ ಅವಲಕ್ಕಿ ಚೆನ್ನಾಗಿ ಮಾಡುತ್ತಾರೆ.

ಎಲ್ಲರಿಗೂ ಶುಭವಾಗಲಿ. ಮತ್ತೆ ಭೇಟಿಯಾಗೋಣ.